‘ಫೀ ಇಲ್ಲ’ ಅಂದ ಆ್ಯಪ್‌ನಲ್ಲಿ ನನ್ನ 396 ರೂಪಾಯಿ ಎಲ್ಲಿ ಹೋಯಿತು?

ಕುಂದಾಪ್ರ_ದುಬೈ

ಎಲ್ಲರಿಗೂ ನಮಸ್ಕಾರ. ನಾನು ಕುಂದಾಪುರ ಕಡೆಯವ. ದುಬೈಗೆ ಬಂದು ಮೂರು ವರ್ಷ ಆಯಿತು, ದೇರಾದಲ್ಲಿ ಒಂದು ಹೋಟೆಲಿನ ಸ್ಟೋರ್ ನೋಡಿಕೊಳ್ಳುವ ಕೆಲಸ. ಸಂಬಳ 4,500 ದಿರ್ಹಂ. ಅದರಲ್ಲಿ 3,000 ಪ್ರತಿ ತಿಂಗಳು ಊರಿಗೆ ಹೋಗುತ್ತದೆ. ಅಪ್ಪನ ಮದ್ದು, ತಂಗಿಯ ಕಾಲೇಜು, ಮನೆ ಸಾಲದ ಕಂತು, ಎಲ್ಲ ಅದರಲ್ಲೇ.

ಕಳೆದ ತಿಂಗಳು ಸಂಬಳ ಆದ ದಿನ ನಾನೂ ನನ್ನ ರೂಮ್‌ಮೇಟ್ ಕೂಡ ಒಂದೇ ಮಧ್ಯಾಹ್ನ ದುಡ್ಡು ಕಳಿಸಿದೆವು. ನಾನು ಬ್ಯಾಂಕಿನ ಆ್ಯಪ್‌ನಲ್ಲಿ, ಅದರಲ್ಲಿ ದೊಡ್ಡದಾಗಿ ‘ಶುಲ್ಕ: 0’ ಅಂತ ಇತ್ತು. ಅವನು ಬಿಸಿಲಲ್ಲಿ ನಡೆದು ಎಕ್ಸ್‌ಚೇಂಜಿಗೆ (ನಾಣ್ಯ ಬದಲಿಸಿ ಊರಿಗೆ ಕಳಿಸುವ ಅಂಗಡಿ) ಹೋಗಿ, ಸಾಲಲ್ಲಿ ನಿಂತು, 15 ದಿರ್ಹಂ ಫೀ, ಅದರ ಮೇಲೆ 5% ವ್ಯಾಟ್ 75 ಫಿಲ್ಸ್ (ದಿರ್ಹಂನ ಪೈಸೆ) ಕೊಟ್ಟು ಬಂದ. ‘ಎಂತಕ್ಕೆ ಮಾರಾಯ ಸುಮ್ಮನೆ 15 ದಿರ್ಹಂ ಹಾಳು ಮಾಡಿದೆ’ ಅಂತ ನಾನೇ ಹೇಳಿದ್ದೆ.

ರಾತ್ರಿ ಎರಡೂ ಮೆಸೇಜ್ ಪಕ್ಕ ಪಕ್ಕ ಇಟ್ಟು ನೋಡಿದೆವು. ಇಬ್ಬರ ಕೈಯಿಂದಲೂ ಹೋದದ್ದು ಸರಿಯಾಗಿ 3,000 ದಿರ್ಹಂ, ಅವನದ್ದು ಫೀ ಸೇರಿ. ನನ್ನ ಖಾತೆಗೆ ಬಿದ್ದದ್ದು 72,360. ಅವನದ್ದಕ್ಕೆ 72,756. ಫೀ ಕೊಟ್ಟವನಿಗೆ 396 ರೂಪಾಯಿ ಹೆಚ್ಚು! ಒಂದು ದಿರ್ಹಂಗೆ ನನ್ನ ದರ 24.12 ರೂಪಾಯಿ, ಅವನದ್ದು 24.38. ಆ ಹೊತ್ತಿಗೆ ಗೂಗಲ್‌ನಲ್ಲಿ 24.50 ತೋರಿಸುತ್ತಿತ್ತು.

ಮೂರು ವರ್ಷದಿಂದ ನಾನು ಹೀಗೇ ಕಳಿಸುತ್ತಾ ಬಂದಿದ್ದೇನೆ. ಲೆಕ್ಕ ಹಾಕಲಿಕ್ಕೆ ಹೆದರಿಕೆ ಆಗುತ್ತದೆ. ತಿಳಿದವರು ಸ್ವಲ್ಪ ಬಿಡಿಸಿ ಹೇಳಿ. ಇನ್ನೊಂದು, ದರ ಏರುವವರೆಗೆ ಕಾಯುವುದು ಒಳ್ಳೆಯದಾ?

ಭಟ್ಕಳ_ಶಾರ್ಜಾ

ಭಾಯಿ, ನಾನು ಇಲ್ಲಿ 22 ವರ್ಷದಿಂದ ಇದ್ದೇನೆ. ನಿಮ್ಮ ಲೆಕ್ಕವನ್ನು ನಾನೇ ಹಾಕಿ ಕೊಡುತ್ತೇನೆ, ಹೆದರಬೇಡಿ.

ಗೂಗಲ್ ದರದಲ್ಲಿ 3,000 ದಿರ್ಹಂ ಅಂದರೆ 73,500 ರೂಪಾಯಿ. ನಿಮಗೆ ಸಿಕ್ಕಿದ್ದು 72,360. ಅಂದರೆ ಕಳಿಸಿದ ಖರ್ಚು 1,140. ನಿಮ್ಮ ರೂಮ್‌ಮೇಟ್ ಕೊಟ್ಟ ಖರ್ಚು, ಫೀ, ವ್ಯಾಟ್, ದರದಲ್ಲಿ ಕಡಿದದ್ದು ಎಲ್ಲ ಸೇರಿ 744. ನಿಮ್ಮ ಬ್ಯಾಂಕ್ ಫೀ ಬಿಟ್ಟಿಲ್ಲ, ದರದ ಒಳಗೆ ಇಟ್ಟುಕೊಂಡಿದೆ. ಪ್ರತಿ ದಿರ್ಹಂ ಮೇಲೆ 38 ಪೈಸೆ. 38 ಪೈಸೆ ಅಂದರೆ ಯಾರಿಗೂ ಏನೂ ಅನಿಸುವುದಿಲ್ಲ, 15 ದಿರ್ಹಂ ಅಂದರೆ ಎಲ್ಲರಿಗೂ ಚುರುಕ್ ಅನ್ನುತ್ತದೆ. ಅಷ್ಟೇ ವಿಷಯ.

ಅದಕ್ಕೇ ಕೌಂಟರಿನಲ್ಲಿ ನಾನು ‘ರೇಟ್ ಎಷ್ಟು’ ಅಂತಲೂ ಕೇಳುವುದಿಲ್ಲ, ‘ಫೀ ಎಷ್ಟು’ ಅಂತಲೂ ಕೇಳುವುದಿಲ್ಲ. ‘ಈಗ 3,000 ದಿರ್ಹಂ ನಿನ್ನ ಕೈಗೆ ಕೊಟ್ಟರೆ ಊರಲ್ಲಿ ಎಷ್ಟು ರೂಪಾಯಿ ಬೀಳುತ್ತದೆ’ ಅಂತ ಕೇಳುತ್ತೇನೆ. ಆ ಒಂದು ಸಂಖ್ಯೆಯಲ್ಲಿ ಎಲ್ಲ ಬಂತು. ದೊಡ್ಡ ಮೊತ್ತ ಇದ್ದರೆ, ಗ್ರ್ಯಾಚುಟಿ ಅಥವಾ ಬೋನಸ್ ಬಂದಾಗ, ‘ಸ್ಪೆಷಲ್ ರೇಟ್ ಕೊಡ್ತೀರಾ’ ಅಂತ ಬಾಯಿ ಬಿಟ್ಟು ಕೇಳಿ. ನಾಲ್ಕೈದು ಪೈಸೆ ಏರಿಸಿ ಕೊಡುತ್ತಾರೆ. ಕೇಳದಿದ್ದವರಿಗೆ ಕೊಡುವುದಿಲ್ಲ.

ಇನ್ನೊಂದು ಮಾತು, ವಾರ ವಾರ ಚೂರು ಚೂರು ಕಳಿಸಬೇಡಿ. 3,000ವನ್ನು 750ರಂತೆ ನಾಲ್ಕು ಸಲ ಕಳಿಸಿದರೆ ಫೀ 15.75ರ ಜಾಗದಲ್ಲಿ 63 ದಿರ್ಹಂ. ತಿಂಗಳಿಗೆ 1,150 ರೂಪಾಯಿ ಚಿಲ್ಲರೆ ಸುಮ್ಮನೆ ಹೋಗುತ್ತದೆ.

ನಿವೃತ್ತ_ಮ್ಯಾನೇಜರ್_ಉಡುಪಿ

ಭಟ್ಕಳದವರು ಹೇಳಿದ ಲೆಕ್ಕ ಸರಿಯಾಗಿದೆ. ನಾನು ಬ್ಯಾಂಕಿನ ಈ ಕಡೆ ಕುಳಿತು ಮೂವತ್ತು ವರ್ಷ ಕೆಲಸ ಮಾಡಿದವನು. ಕೆಲವು ಮಾತು ಸೇರಿಸುತ್ತೇನೆ.

ದಿರ್ಹಂ 1997ರಿಂದ ಡಾಲರಿಗೆ ಕಟ್ಟಿ ಹಾಕಿದ ನಾಣ್ಯ. ಒಂದು ಡಾಲರಿಗೆ 3.6725 ದಿರ್ಹಂ, ಅದು ಅಲುಗಾಡುವುದಿಲ್ಲ. ಸೌದಿ ರಿಯಾಲ್ ಕೂಡ ಹಾಗೆಯೇ, 3.75. ಆದ್ದರಿಂದ ಗಲ್ಫಿನಲ್ಲಿ ನೀವು ನೋಡುವ ಏರಿಳಿತ ದಿರ್ಹಂನದ್ದಲ್ಲ, ನಮ್ಮ ರೂಪಾಯಿಯದ್ದು. ಕುವೈತ್ ದಿನಾರ್ ಮಾತ್ರ ಬೇರೆ, 2007ರಿಂದ ಅದನ್ನು ಹಲವು ನಾಣ್ಯಗಳ ಗುಂಪಿಗೆ ಕಟ್ಟಿದ್ದಾರೆ.

ಎಕ್ಸ್‌ಚೇಂಜಿನವರು ನಿಮ್ಮ ದಿರ್ಹಂ ತೆಗೆದುಕೊಂಡು ಅಲ್ಲಿಯೇ ರೂಪಾಯಿ ಲೆಕ್ಕ ಮಾಡುತ್ತಾರೆ. ಭಾರತದ ಬ್ಯಾಂಕೊಂದರಲ್ಲಿ ಅವರ ರೂಪಾಯಿ ಖಾತೆ ಇರುತ್ತದೆ, ಅದರಿಂದ ನೆಫ್ಟ್ ಅಥವಾ ಐಎಂಪಿಎಸ್ ಮೂಲಕ ನಿಮ್ಮ ಮನೆಯವರ ಖಾತೆಗೆ ಜಮಾ ಆಗುತ್ತದೆ. ರಿಸರ್ವ್ ಬ್ಯಾಂಕ್ ಒಪ್ಪಿದ ವ್ಯವಸ್ಥೆ ಇದು, ಹೆಸರು ರುಪೀ ಡ್ರಾಯಿಂಗ್ ಅರೇಂಜ್‌ಮೆಂಟ್. ರೂಪಾಯಿಯೇ ಬರುವುದರಿಂದ ಇಲ್ಲಿ ಮತ್ತೆ ಪರಿವರ್ತನೆಯ ಖರ್ಚು ಬೀಳುವುದಿಲ್ಲ.

ಸ್ವಿಫ್ಟ್, ಅಂದರೆ ದೇಶ ದೇಶಗಳ ಬ್ಯಾಂಕುಗಳ ನಡುವಿನ ಜಾಲದ ಮೂಲಕ ಡಾಲರ್ ಆಗಿ ಬಂದರೆ ಕಥೆ ಬೇರೆ. ನಡುವೆ ಒಂದೋ ಎರಡೋ ಬ್ಯಾಂಕು ಕೈ ಹಾಕುತ್ತವೆ, ಅವು ತಮ್ಮ ಪಾಲು ಮುರಿದುಕೊಂಡೇ ಮುಂದೆ ಕಳಿಸುತ್ತವೆ. ಸಾವಿರ ಡಾಲರ್ ಕಳಿಸಿದವನಿಗೆ 980 ಬಂದು, ‘ಉಳಿದದ್ದು ಎಲ್ಲಿ ಸಾರ್’ ಅಂತ ನನ್ನ ಮೇಜಿನ ಮುಂದೆ ನಿಂತವರು ಎಷ್ಟೋ ಮಂದಿ. ಆಮೇಲೆ ಇಲ್ಲಿ ರೂಪಾಯಿಗೆ ಬದಲಿಸುವಾಗ ಜಿಎಸ್‌ಟಿ. ಅದು ಪೂರ್ತಿ ಮೊತ್ತದ ಮೇಲೆ ಅಲ್ಲ. 1 ಲಕ್ಷದವರೆಗೆ ಮೊತ್ತದ 1% ಅನ್ನು ಸೇವೆಯ ಬೆಲೆ ಎಂದು ಹಿಡಿದು, ಅದರ ಮೇಲೆ 18%. ಅಂದರೆ 1 ಲಕ್ಷಕ್ಕೆ 180 ರೂಪಾಯಿ, ಎಷ್ಟು ಸಣ್ಣ ಮೊತ್ತವಾದರೂ ಕನಿಷ್ಠ 45.

ಕುಂದಾಪುರದ ತಮ್ಮಾ, ನಿಮಗೊಂದು ಪ್ರಶ್ನೆ. ಈ ಹಣ ಯಾರ ಖಾತೆಗೆ ಹೋಗುತ್ತಿದೆ? ಅಪ್ಪನದ್ದಾ, ನಿಮ್ಮದಾ?

ಕುಂದಾಪ್ರ_ದುಬೈ

ಸರ್, ನನ್ನದೇ ಖಾತೆ. ಕಾಲೇಜಿಗೆ ಹೋಗುವಾಗ ಮಾಡಿಸಿದ್ದು. ಎಟಿಎಂ ಕಾರ್ಡು ಅಪ್ಪನ ಹತ್ತಿರ ಉಂಟು. ಅದರಲ್ಲಿ 4 ಲಕ್ಷದ ಎಫ್‌ಡಿ ಕೂಡ ಇಟ್ಟಿದ್ದೇನೆ. ತಪ್ಪಾ?

ನಿವೃತ್ತ_ಮ್ಯಾನೇಜರ್_ಉಡುಪಿ

ತಪ್ಪೇ, ಆದರೆ ಸರಿಮಾಡಬಹುದಾದ ತಪ್ಪು. ಅರ್ಧ ಕರಾವಳಿ ಇದನ್ನೇ ಮಾಡಿದೆ, ನೀವೊಬ್ಬರೇ ಅಲ್ಲ.

ಕೆಲಸಕ್ಕೆಂದು ದೇಶ ಬಿಟ್ಟ ದಿನದಿಂದಲೇ ಫೆಮಾ, ಅಂದರೆ ವಿದೇಶಿ ವಿನಿಮಯ ಕಾಯ್ದೆಯ ಲೆಕ್ಕದಲ್ಲಿ ನೀವು ಅನಿವಾಸಿ. 182 ದಿನದ ಮಾತು ಆದಾಯ ತೆರಿಗೆಯ ಕಡೆಯದು, ಎರಡನ್ನೂ ಕಲಸಬೇಡಿ. ಅನಿವಾಸಿಯಾದವರು ಸಾಧಾರಣ ಉಳಿತಾಯ ಖಾತೆ ಇಟ್ಟುಕೊಳ್ಳುವಂತಿಲ್ಲ. ಹಳೆ ಖಾತೆಯನ್ನು ಎನ್‌ಆರ್‌ಒ ಎಂದು ಬದಲಿಸಬೇಕು. ದುಬೈಯಿಂದ ಬರುವ ಸಂಬಳದ ಹಣಕ್ಕೆ ಬೇರೆಯೇ ಒಂದು ಎನ್‌ಆರ್‌ಇ ಖಾತೆ ತೆರೆಯಬೇಕು.

ಎರಡರ ವ್ಯತ್ಯಾಸ ಹೀಗೆ ನೆನಪಿಟ್ಟುಕೊಳ್ಳಿ. ಹೊರಗೆ ದುಡಿದದ್ದು ಎನ್‌ಆರ್‌ಇಗೆ. ಊರಲ್ಲಿ ಹುಟ್ಟಿದ್ದು, ಬಾಡಿಗೆ, ಮಾರಿದ ಜಾಗದ ಹಣ, ಎನ್‌ಆರ್‌ಒಗೆ. ಎನ್‌ಆರ್‌ಇ ಬಡ್ಡಿಗೆ ನೀವು ಅನಿವಾಸಿಯಾಗಿರುವವರೆಗೆ ಇಲ್ಲಿ ಆದಾಯ ತೆರಿಗೆ ಇಲ್ಲ, ಹಣವನ್ನು ಬೇಕಾದಾಗ ಹೊರಗೆ ಒಯ್ಯಬಹುದು. ಎನ್‌ಆರ್‌ಒ ಬಡ್ಡಿಯಲ್ಲಿ ಮಾತ್ರ 30% ಮತ್ತು ಅದರ ಮೇಲಿನ ಸೆಸ್ ಸೇರಿ 31.2% ಮೂಲದಲ್ಲೇ ಮುರಿಯುತ್ತಾರೆ. ನಿಮ್ಮ 4 ಲಕ್ಷಕ್ಕೆ ವರ್ಷಕ್ಕೆ 28,000 ಬಡ್ಡಿ ಬಂತು ಅಂದುಕೊಳ್ಳಿ, 8,736 ರೂಪಾಯಿ ಅಲ್ಲೇ ಹೋಯಿತು. ನಿಮ್ಮ ಒಟ್ಟು ಭಾರತದ ಆದಾಯ ತೆರಿಗೆ ಮಿತಿಗಿಂತ ಕಡಿಮೆ ಇದ್ದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು, ಆದರೆ ಊರಲ್ಲಿರುವವರಂತೆ ‘ತೆರಿಗೆ ಮುರಿಯಬೇಡಿ’ ಎನ್ನುವ ಫಾರ್ಮ್ ಕೊಟ್ಟು ತಪ್ಪಿಸಿಕೊಳ್ಳಲು ಬರುವುದಿಲ್ಲ. ಇಷ್ಟು ವರ್ಷ ಕಳಿಸಿದ್ದು ಎನ್‌ಆರ್‌ಇಗೆ ಹೋಗಿದ್ದರೆ ಈ ಗೋಳೇ ಇರುತ್ತಿರಲಿಲ್ಲ.

ಒಂದು ಎಚ್ಚರ: ಎನ್‌ಆರ್‌ಇ ಎಫ್‌ಡಿ ಕನಿಷ್ಠ ಒಂದು ವರ್ಷ ಇರಬೇಕು. ಅದಕ್ಕೂ ಮೊದಲು ಮುರಿದರೆ ಒಂದು ರೂಪಾಯಿ ಬಡ್ಡಿಯೂ ಸಿಗದು. ಅಪ್ಪನ ಮದ್ದಿಗೆ ಬೇಕಾಗುವ ಹಣವನ್ನು ಅದರಲ್ಲಿ ಕಟ್ಟಿ ಹಾಕಬೇಡಿ.

ಹಾಸನ_ರಿಯಾದ್_ನರ್ಸ್

ಇದನ್ನ ಓದ್ತಾ ಓದ್ತಾ ನನ್ನ ಮೊದಲನೇ ವರ್ಷ ನೆನಪಾಯ್ತು. ನನಗೂ ಯಾರೂ ಹೇಳಿರ್ಲಿಲ್ಲ ಅಣ್ಣಾ.

ನನ್ನದು ಬೇರೆ ಥರದ ಪೆಟ್ಟು. ಅಮ್ಮನ ಖಾತೆಗೆ ಕಳಿಸೋದು ನಾನು. ಪಾಸ್‌ಬುಕ್ ಫೋಟೋ ವಾಟ್ಸ್ಆ್ಯಪ್‌ನಲ್ಲಿ ತರಿಸಿಕೊಂಡು ಅದರಲ್ಲಿದ್ದ ಐಎಫ್‌ಎಸ್‌ಸಿ, ಅಂದ್ರೆ ಬ್ಯಾಂಕ್ ಶಾಖೆಯ ಕೋಡ್ ಹಾಕಿದೆ. ಪಾಸ್‌ಬುಕ್ ಹಳೇದು, ಬ್ಯಾಂಕು ಅಷ್ಟರಲ್ಲಿ ಇನ್ನೊಂದರ ಜೊತೆ ಸೇರಿಹೋಗಿತ್ತು. ದುಡ್ಡು ಹೋಗಲೂ ಇಲ್ಲ, ಬರಲೂ ಇಲ್ಲ. ಒಂಬತ್ತು ದಿನ. ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ದಿನ ಗೊತ್ತಾಗಿತ್ತು, ಚಿಕ್ಕಪ್ಪನ ಹತ್ತಿರ ಕೈ ಒಡ್ಡಬೇಕಾಯ್ತು. ಕೊನೆಗೆ ವಾಪಸ್ ಬಂತು. ಬಂದಾಗ ಆವತ್ತಿನ ದರದಲ್ಲಿ ಮತ್ತೆ ರಿಯಾಲ್ ಮಾಡಿದ್ರು, ಕಟ್ಟಿದ್ದ ಫೀ ಕೊಡಲಿಲ್ಲ. ನಮ್ಮಲ್ಲಿ ಫೀ ಮೇಲೆ ವ್ಯಾಟೇ 15%, 2020ರ ಜುಲೈನಿಂದ ಅಷ್ಟಾಗಿದೆ. 16 ರಿಯಾಲ್ ಫೀಗೆ 2.40 ವ್ಯಾಟ್. ಎರಡು ಸಲ ಕಟ್ಟಿದೆ.

ಆಮೇಲಿಂದ ಹೊಸ ಖಾತೆ ಸೇರಿಸಿದಾಗ ಮೊದಲು ಸಣ್ಣ ಮೊತ್ತ ಕಳಿಸ್ತೀನಿ. ಅಮ್ಮ ಫೋನ್ ಮಾಡಿ ‘ಬಂತು ಮಗಳೇ’ ಅಂದಮೇಲೇ ಉಳಿದದ್ದು. ಒಂದು ಫೀ ಹೆಚ್ಚು ಹೋದರೂ ಪರವಾಗಿಲ್ಲ.

ನಿವೃತ್ತ_ಮ್ಯಾನೇಜರ್_ಉಡುಪಿ

ಈ ಮಗಳು ಹೇಳಿದ್ದನ್ನು ನಮ್ಮ ಜಿಲ್ಲೆಯವರು ಎರಡು ಸಲ ಓದಬೇಕು. ನಮ್ಮ ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳೇ ಒಂದೊಂದಾಗಿ ಹೆಸರು ಕಳೆದುಕೊಂಡವು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ. ಹಳೆ ಮೈಸೂರು ಕಡೆಯವರ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲೇ ಎಸ್‌ಬಿಐ ಆಗಿತ್ತು. ಎಸ್‌ವೈಎನ್‌ಬಿ, ಸಿಒಆರ್‌ಪಿ, ವಿಐಜೆಬಿ ಎಂದು ಶುರುವಾಗುವ ಕೋಡುಗಳು ಈಗ ನಡೆಯುವುದಿಲ್ಲ. ಅಮ್ಮಂದಿರ ಕಪಾಟಿನಲ್ಲಿ ಆ ಪಾಸ್‌ಬುಕ್ಕುಗಳು ಇನ್ನೂ ಜೋಪಾನವಾಗಿವೆ.

ಐಎಫ್‌ಎಸ್‌ಸಿಯಲ್ಲಿ 11 ಅಕ್ಷರ. ಐದನೆಯದು ಯಾವಾಗಲೂ ಸೊನ್ನೆ, ‘ಓ’ ಅಲ್ಲ. ಖಾತೆ ಸಂಖ್ಯೆಯನ್ನು ಫೋಟೋ ನೋಡಿ ಬರೆದುಕೊಳ್ಳುವ ಬದಲು ಮನೆಯವರಿಂದ ಫೋನಿನಲ್ಲಿ ಓದಿಸಿಕೊಳ್ಳಿ, ಆಮೇಲೆ ನೀವು ತಿರುಗಿ ಓದಿ ಹೇಳಿ.

ಧಾರವಾಡ_ಲಂಡನ್

ನಮಸ್ಕಾರ್ರೀ ಎಲ್ಲಾರ್ಗೂ. ಈ ಕಡಿ ಯುರೋಪಿನವರ ಪಾಡೂ ಸ್ವಲ್ಪ ಕೇಳ್ರಿ.

ನಮ್ಮಲ್ಲಿ ವೈಸ್‌ನಂಥಾ ಆ್ಯಪ್ ಅವ. ಗೂಗಲ್‌ನ್ಯಾಗ ಕಾಣೋ ಮಿಡ್ ರೇಟನ್ನೇ ಕೊಡ್ತಾರ, ಫೀ ಬ್ಯಾರೆ ಸಾಲಿನ್ಯಾಗ ಬರದು ತೋರಸ್ತಾರ. ಕೊಡೋದು ಎಷ್ಟು ಅಂತ ಕಣ್ಣಿಗೆ ಕಾಣತದ, ನನಗ ಅದ ಸೇರತದ. ಆದ್ರೂ ಪ್ರತಿ ಸಲ ಇನ್ನೊಂದೆರಡು ಕಡೆ ತಾಳೆ ನೋಡೇ ಕಳಸ್ತೀನಿ. ಶನಿವಾರ-ರವಿವಾರ ವಿನಿಮಯ ಮಾರುಕಟ್ಟೆ ಮುಚ್ಚಿರತದ. ಸೋಮವಾರ ಏನಾಗತದೋ ಅಂತ ಕೆಲವು ಕಂಪನಿಯವರು ಅವೆರಡು ದಿನ ದರದಾಗ ತಮ್ಮ ಪಾಲು ಹೆಚ್ಚು ಹಿಡೀತಾರ. ಅರ್ಜೆಂಟ್ ಇರಲಿಲ್ಲಂದ್ರ ಮಂಗಳವಾರ, ಬುಧವಾರ ಕಳಸ್ರಿ.

ಇನ್ನ ಕಾರ್ಡಿನ ವಿಷಯ. ಹೋದ ವರ್ಷ ಆಫೀಸ್ ಕೆಲಸಕ್ಕ ಪ್ರಾಗ್‌ಗೆ ಹೋಗಿದ್ದೆ. ರೈಲ್ವೆ ಸ್ಟೇಷನ್ ಹತ್ರ ಎಟಿಎಂನ್ಯಾಗ 5,000 ಕೊರುನಾ (ಅಲ್ಲಿನ ನಾಣ್ಯ) ತೆಗೀಲಿಕ್ಕೆ ಹೋದೆ. ತೆರೆ ಮ್ಯಾಲ ಬಂತು: ‘ನಿಮ್ಮ ಖಾತೆಯಿಂದ 194 ಪೌಂಡ್, ಒಪ್ಪಿಗೆಯೇ?’ ಹಸಿರು ಗುಂಡಿ ದೊಡ್ಡದು. ಕೆಳಗ ಬೂದು ಬಣ್ಣದ್ದು ಸಣ್ಣದು, ‘ಪರಿವರ್ತನೆ ಬೇಡ’. ಆ ದಿನದ ದರಕ್ಕ 5,000 ಕೊರುನಾ ಅಂದ್ರ 175 ಪೌಂಡ್ ಆಗತಿತ್ತು. ನನ್ನ ಹಿಂದ ಸಾಲಿತ್ತು, ಎದಿ ಢವಢವ ಅಂತಿತ್ತು, ಬೂದು ಗುಂಡಿ ಒತ್ತಿದ್ರ ರೊಕ್ಕನ ಬರೂದಿಲ್ಲೇನೋ ಅಂತ. ಒತ್ತಿದೆ. ರೊಕ್ಕ ಬಂತು. ಮರುದಿನ ಖಾತೆದಾಗ 175 ಚಿಲ್ಲರೆ ಕಳದಿತ್ತು. ಒಂದು ಗುಂಡಿಗೆ 19 ಪೌಂಡ್ ಫರಕ್.

ಅಂಗಡಿ ಮಷಿನ್, ಹೋಟೆಲ್ ಬಿಲ್, ಎಲ್ಲಾ ಕಡೆ ಇದ ಆಟ. ನಮ್ಮ ಊರಿನ ಕಾರ್ಡ್ ಹಿಡದು ದುಬೈನ್ಯಾಗ ನಿಂತಾಗ ‘ರೂಪಾಯಿನಾ, ದಿರ್ಹಂನಾ?’ ಅಂತ ಕೇಳಿದ್ರ ಯಾವಾಗ್ಲೂ ದಿರ್ಹಂ ಅನ್ರಿ. ಯಾವ ದೇಶದಾಗ ನಿಂತಿರ್ತೀರೋ ಆ ದೇಶದ ನಾಣ್ಯ.

ಭಾರತದ ಕ್ರೆಡಿಟ್ ಕಾರ್ಡನ್ನ ಹೊರದೇಶದಾಗ ದಿನನಿತ್ಯಕ್ಕ ಬಳಸಬ್ಯಾಡ್ರಿ. ಬಹಳಷ್ಟು ಕಾರ್ಡಿಗೆ 3.5% ಮಾರ್ಕಪ್ (ಹೊರದೇಶದ ಖರ್ಚಿನ ಮ್ಯಾಲಿನ ಶುಲ್ಕ), ಅದರ ಮ್ಯಾಲ 18% ಜಿಎಸ್‌ಟಿ, ಒಟ್ಟು 4.13%. ಹೊಸದಾಗಿ ಬಂದವರು ಮೊದಲನೇ ಪಗಾರ ಬರೋತನಕ ಅದನ್ನ ಉಜ್ಜತಾರ, ಬಿಲ್ ಬಂದಾಗ ಕಣ್ಣೀರು.

ಕುಂದಾಪ್ರ_ದುಬೈ

ಧಾರವಾಡದವರೇ, ನಾನು ಬಂದ ಹೊಸತರಲ್ಲಿ ಹಾಸಿಗೆ, ಇಂಡಕ್ಷನ್ ಒಲೆ ಎಲ್ಲ ಊರಿನ ಕಾರ್ಡಲ್ಲೇ ತೆಗೆದದ್ದು. ಮಷಿನ್‌ನಲ್ಲಿ ರೂಪಾಯಿ ತೋರಿಸಿದಾಗ ‘ಓ, ನಮ್ಮ ರೂಪಾಯಿ’ ಅಂತ ಸಮಾಧಾನ ಆಗಿ ಅದನ್ನೇ ಒತ್ತಿದ್ದೆ.

ದರಕ್ಕೆ ಕಾಯುವ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ರೂಮಿನಲ್ಲಿ ಒಬ್ಬರು ನಾಲ್ಕು ತಿಂಗಳಿಂದ ಕಳಿಸದೆ ಇಟ್ಟಿದ್ದಾರೆ, ಇನ್ನೂ ಏರುತ್ತದಂತೆ.

ಭಟ್ಕಳ_ಶಾರ್ಜಾ

ಇದಕ್ಕೆ ನಾನು ಹೇಳುತ್ತೇನೆ, ಸುಟ್ಟುಕೊಂಡವನು ನಾನು.

2013ರ ಆಗಸ್ಟ್. ರೂಪಾಯಿ ದಿನಾ ಬೀಳುತ್ತಿತ್ತು. ತಿಂಗಳ ಕೊನೆಗೆ ಡಾಲರ್ 68 ದಾಟಿ, ದಿರ್ಹಂ 18.70ರ ಹತ್ತಿರ ಹೋಯಿತು. ನಮ್ಮ ಕ್ಯಾಂಪಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, 20 ಆಗುತ್ತದೆ, 20 ಆಗುತ್ತದೆ. ನಾನು ಆರು ತಿಂಗಳ ಉಳಿತಾಯ ಹಿಡಿದು ಕೂತೆ, ತಂಗಿಯ ಮದುವೆಗೆ ಇಟ್ಟದ್ದು. ಅಕ್ಟೋಬರ್ ಹೊತ್ತಿಗೆ 17ರ ಕೆಳಗೆ ಬಂತು. ಮದುವೆ ನಿಲ್ಲಿಸಲು ಆಗುತ್ತದಾ? ಕೆಳಗಿನ ದರಕ್ಕೇ ಕಳಿಸಿದೆ. ಇನ್ನೂ ಕೆಲವರು ಇಲ್ಲಿ ಬಡ್ಡಿಗೆ ಸಾಲ ತೆಗೆದು ಊರಿಗೆ ಕಳಿಸಿದ್ದರು. ಆ ಕಂತು ಕಟ್ಟಲು ಅವರು ಪಟ್ಟ ಕಷ್ಟ ನಾನು ಕಣ್ಣಾರೆ ನೋಡಿದ್ದೇನೆ.

ಮನೆ ಖರ್ಚಿನ ಹಣಕ್ಕೆ ದರ ನೋಡಬಾರದು, ತಾರೀಕು ನೋಡಬೇಕು. ಉಳಿತಾಯದ ಹಣವನ್ನು ಬೇಕಾದರೆ ಮೂರು ಪಾಲು ಮಾಡಿ ಮೂರು ತಿಂಗಳಲ್ಲಿ ಕಳಿಸಿ.

ಮೈಸೂರು_ಡಲ್ಲಾಸ್

ಭಟ್ಕಳದವರ ಮಾತಿಗೆ ನನ್ನದು ಅರ್ಧ ಒಪ್ಪಿಗೆ. ಮನೆ ಖರ್ಚಿಗೆ ಸರಿ. ಆದ್ರೆ ಉಳಿತಾಯ ಎಲ್ಲಾ ರೂಪಾಯಿಗೇ ಯಾಕೆ ಹಾಕಬೇಕು? 2008ರ ಶುರುವಿನಲ್ಲಿ ಡಾಲರ್‌ಗೆ 40 ರೂಪಾಯಿ ಕೂಡ ಇರ್ಲಿಲ್ಲ. 2025ರ ಡಿಸೆಂಬರ್‌ನಲ್ಲಿ 90 ದಾಟ್ತು. ನಡುನಡುವೆ ಇಳಿದಿದೆ ನಿಜ, ಆದ್ರೆ ಇಷ್ಟು ವರ್ಷದ ದಾರಿ ಯಾವ ಕಡೆ ಅಂತ ನೋಡಿ. ಊರಲ್ಲಿ ತಕ್ಷಣ ಬೇಡದ ಹಣಕ್ಕೆ ಎಫ್‌ಸಿಎನ್‌ಆರ್ ಡೆಪಾಸಿಟ್ ಇದೆ. ಭಾರತದ ಬ್ಯಾಂಕಿನಲ್ಲೇ, ಡಾಲರ್ ಅಥವಾ ಪೌಂಡ್ ಆಗಿಯೇ ಇರುತ್ತೆ, 1ರಿಂದ 5 ವರ್ಷ. ಅನಿವಾಸಿಯಾಗಿರುವಾಗ ಬಡ್ಡಿಗೆ ಅಲ್ಲೂ ತೆರಿಗೆ ಇಲ್ಲ. ಬಡ್ಡಿದರ ರೂಪಾಯಿ ಎಫ್‌ಡಿಗಿಂತ ಸಾಮಾನ್ಯವಾಗಿ ಕಡಿಮೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಅಮೆರಿಕದಲ್ಲಿರೋರಿಗೆ ಇನ್ನೊಂದು. ಊರಿಗೆ ಕಳಿಸಿದ್ರೆ ತೆರಿಗೆ ಅಂತ 2025ರಲ್ಲಿ ಎಲ್ಲರೂ ಗಾಬರಿಯಾಗಿದ್ರು. ಮೊದಲು 5% ಅಂದ್ರು, ಆಮೇಲೆ 3.5%, ಕೊನೆಗೆ ಕಾನೂನಾಗಿದ್ದು 1%. 2026ರ ಜನವರಿ 1ರಿಂದ ಜಾರಿ. ಅದೂ ನಗದು, ಮನಿ ಆರ್ಡರ್, ಕ್ಯಾಷಿಯರ್ ಚೆಕ್ ಕೊಟ್ಟು ಕಳಿಸೋರಿಗೆ ಮಾತ್ರ. ಬ್ಯಾಂಕ್ ಖಾತೆಯಿಂದ ಅಥವಾ ಇಲ್ಲಿನ ಡೆಬಿಟ್, ಕ್ರೆಡಿಟ್ ಕಾರ್ಡಿಂದ ಕಳಿಸಿದ್ರೆ ಇಲ್ಲ. ನಮ್ಮತ್ತೆ ಈಗ್ಲೂ ಫೋನ್‌ನಲ್ಲಿ ‘ಕಳಿಸಬೇಡಮ್ಮ, ತೆರಿಗೆ ಹಾಕ್ತಾರಂತೆ’ ಅಂತಾರೆ.

ಭಟ್ಕಳ_ಶಾರ್ಜಾ

ಮೇಡಂ, ನಿಮ್ಮ ಮಾತು ಕೈಯಲ್ಲಿ ಹಣ ಉಳಿಯುವವರಿಗೆ. ನಮ್ಮಲ್ಲಿ ಬಹಳ ಜನರಿಗೆ ಊರಲ್ಲಿ ತಕ್ಷಣ ಬೇಡದ ಹಣ ಅಂತಲೇ ಇರುವುದಿಲ್ಲ. ಆದರೂ ಎಫ್‌ಸಿಎನ್‌ಆರ್ ಬಗ್ಗೆ ನನ್ನ ಮಗನಿಗೆ ಹೇಳುತ್ತೇನೆ, ಅವನು ಈಗ ದೋಹಾದಲ್ಲಿ ಎಂಜಿನಿಯರ್.

ಕಲಬುರಗಿ_ಸಿಂಗಪುರ

ಸಿಂಗಪುರದವರಿಗೆ ಸಣ್ಣ ಮಾಹಿತಿ: 2023ರ ಫೆಬ್ರುವರಿಯಿಂದ ಇಲ್ಲಿನ ಪೇನೌ (ಯುಪಿಐನಂಥ ವ್ಯವಸ್ಥೆ) ಮತ್ತು ನಮ್ಮ ಯುಪಿಐ ಜೋಡಿಸಿದ್ದಾರೆ. ಮನೆಯವರ ಯುಪಿಐ ಐಡಿಗೆ ನೇರವಾಗಿ ಹೋಗ್ತದ. ತುರ್ತಿಗೆ ಚೊಲೋ. ಆದ್ರ ದರ ಒಮ್ಮೆ ನೋಡ್ಕೊಂಡು ಕಳಸ್ರಿ.

ಹೊಸಬ_ಅಬುಧಾಬಿ

ಇಷ್ಟೆಲ್ಲಾ ತಲೆನೋವು ಯಾಕೆ? ನಮ್ಮ ಕಡೆ ಒಬ್ಬರು ಇದ್ದಾರೆ. ಇಲ್ಲಿ ದಿರ್ಹಂ ಕೊಟ್ಟರೆ ಒಂದು ಗಂಟೆಯಲ್ಲಿ ಊರಲ್ಲಿ ಮನೆ ಬಾಗಿಲಿಗೆ ನಗದು. ಗೂಗಲ್ ದರಕ್ಕಿಂತ 20 ಪೈಸೆ ಹೆಚ್ಚೇ ಕೊಡ್ತಾರೆ, ಫೀನೂ ಇಲ್ಲ.

ಹಾಸನ_ರಿಯಾದ್_ನರ್ಸ್

ತಮ್ಮಾ, ದಯವಿಟ್ಟು ಬೇಡ. ಅದು ಹುಂಡಿ, ಬ್ಯಾಂಕು ತಪ್ಪಿಸಿ ಕಾನೂನಿಗೆ ವಿರುದ್ಧವಾಗಿ ದುಡ್ಡು ದಾಟಿಸೋ ದಂಧೆ. ನಮ್ಮ ಹಾಸ್ಟೆಲ್‌ನಲ್ಲಿ ಒಬ್ಬಳು ಹಾಗೇ ಮಾಡಿದ್ಲು. ಅವಳಿಗೆ ನಗದು ಅಂದವರು ಕೊನೆಗೆ ಅವಳ ಅಣ್ಣನ ಖಾತೆಗೆ ಯಾರದ್ದೋ ಖಾತೆಯಿಂದ ಹಾಕಿದ್ರು. ಆ ದುಡ್ಡು ಆನ್‌ಲೈನ್ ಮೋಸದ್ದು. ಬೇರೆ ರಾಜ್ಯದ ಸೈಬರ್ ಪೊಲೀಸರು ಅಣ್ಣನ ಖಾತೆ ನಿಲ್ಲಿಸಿಬಿಟ್ರು. ಅವನ ಸಂಬಳ, ಹಾಲಿನ ಡೈರಿ ದುಡ್ಡು ಎಲ್ಲಾ ಅದರಲ್ಲೇ. ಏನೂ ಗೊತ್ತಿಲ್ಲದವನು ತಿಂಗಳುಗಟ್ಟಲೆ ಸ್ಟೇಷನ್‌ಗೆ ಅಲೆದ.

ನಿವೃತ್ತ_ಮ್ಯಾನೇಜರ್_ಉಡುಪಿ

ಇದಕ್ಕೆ ನನ್ನ ಮಾತೂ ಅಷ್ಟೇ ಖಡಾಖಂಡಿತ. ಗೂಗಲ್ ದರಕ್ಕಿಂತ ಹೆಚ್ಚು ಕೊಡುವವನಿಗೆ ಆ ಹೆಚ್ಚು ಎಲ್ಲಿಂದ ಬರುತ್ತದೆ ಎಂದು ಯೋಚಿಸಿ. ಯಾರದೋ ಕಪ್ಪು ಹಣಕ್ಕೆ ನಿಮ್ಮ ಬೆವರಿನ ಹಣ ಹೊದಿಕೆಯಾಗುತ್ತದೆ. ಫೆಮಾದಲ್ಲಿ ದಂಡ ಮೊತ್ತದ ಮೂರು ಪಟ್ಟಿನವರೆಗೆ ಇದೆ. ಇನ್ನೂ ಒಂದು ನಷ್ಟ ಯಾರೂ ಲೆಕ್ಕ ಹಿಡಿಯುವುದಿಲ್ಲ: ಬ್ಯಾಂಕಿನ ಮೂಲಕ ಬಂದ ಹಣಕ್ಕೆ ದಾಖಲೆ ಉಳಿಯುತ್ತದೆ. ನಾಳೆ ಮನೆ ಸಾಲ ಕೇಳಿದಾಗ, ಜಾಗ ಕೊಂಡಾಗ, ‘ಈ ಹಣ ಎಲ್ಲಿಂದ’ ಎಂದು ತೆರಿಗೆಯವರು ಕೇಳಿದಾಗ ಆ ಕಾಗದವೇ ನಿಮ್ಮ ಸಾಕ್ಷಿ. ರಸೀದಿಗಳನ್ನು ತಿಂಗಳಿಗೊಂದರಂತೆ ಫೋಟೋ ತೆಗೆದಿಡಿ. ಆ ಶಾಯಿ ಒಂದು ಮಳೆಗಾಲದಲ್ಲಿ ಅಳಿಸಿಹೋಗುತ್ತದೆ.

ಹೊಸಬ_ಅಬುಧಾಬಿ

ಗೊತ್ತಿರಲಿಲ್ಲ ಸರ್. ಎರಡು ಸಲ ಕೊಟ್ಟಿದ್ದೆ. ಇನ್ನು ಇಲ್ಲ. ರಿಯಾದ್ ಅಕ್ಕನಿಗೂ ಥ್ಯಾಂಕ್ಸ್.

ಮಂಗಳೂರು_ಮರಳಿದವ

ಮಸ್ಕತ್‌ನಲ್ಲಿ 17 ವರ್ಷ ಇದ್ದು ಊರಿಗೆ ಬಂದವ ನಾನು. ಬರುವವರಿಗೆ ಎರಡು ಮಾತು. ಬಂದು ನೆಲೆಸಿದ ಕೂಡಲೇ ಬ್ಯಾಂಕಿಗೆ ತಿಳಿಸಬೇಕು. ಎನ್‌ಆರ್‌ಇ ಹಾಗೇ ಇಟ್ಟುಕೊಂಡು ತೆರಿಗೆ ಇಲ್ಲದ ಬಡ್ಡಿ ತಿನ್ನುತ್ತಾ ಕೂರುವಂತಿಲ್ಲ. ಹೊರದೇಶದ ನಾಣ್ಯದಲ್ಲೇ ಹಣ ಉಳಿಸಿಕೊಳ್ಳಬೇಕು ಅಂದರೆ ಆರ್‌ಎಫ್‌ಸಿ ಖಾತೆ ಉಂಟು, ಮಗಳ ಓದಿಗೆ ಅಂತ ನಾನು ಹಾಗೆ ಇಟ್ಟೆ. ಮತ್ತೆ, ಅಲ್ಲಿನ ಬ್ಯಾಂಕ್ ಖಾತೆ, ಕ್ರೆಡಿಟ್ ಕಾರ್ಡ್ ಮುಚ್ಚಿ, ಬಾಕಿ ಇಲ್ಲ ಅನ್ನುವ ಪತ್ರ ಕೈಯಲ್ಲಿ ಹಿಡಿದೇ ವಿಮಾನ ಹತ್ತಿ. ಇಲ್ಲಿಂದ ಅದನ್ನು ತರಿಸಲು ನಾನು ಎಂಟು ತಿಂಗಳು ಫೋನ್ ಮಾಡಿದ್ದೇನೆ ಮಾರಾಯ್ರೆ.

ಕುಂದಾಪ್ರ_ದುಬೈ

ಒಂದು ತಿಂಗಳು ಆಯಿತು. ಆದದ್ದು ಹೇಳಿ ಹೋಗುತ್ತೇನೆ.

ಎನ್‌ಆರ್‌ಇ ಖಾತೆ ಇಲ್ಲಿಂದಲೇ ಅರ್ಜಿ ಹಾಕಿ ತೆರೆದೆ. ಪಾಸ್‌ಪೋರ್ಟ್, ವೀಸಾ, ಎಮಿರೇಟ್ಸ್ ಐಡಿ ಪ್ರತಿಗೆ ಸಹಿ ಮಾಡಿ ಕೊರಿಯರ್ ಮಾಡಬೇಕಾಯಿತು. ಒಮ್ಮೆ ಸಹಿ ಹೊಂದಲಿಲ್ಲ ಅಂತ ವಾಪಸ್ ಬಂತು, ಎರಡನೇ ಸಲ ಆಯಿತು. ಹಳೆ ಖಾತೆಯನ್ನು ಎನ್‌ಆರ್‌ಒ ಮಾಡಲು ಕೊಟ್ಟಿದ್ದೇನೆ. ಮನೆ ಸಾಲದ ಕಂತನ್ನು ಎನ್‌ಆರ್‌ಇಯಿಂದಲೇ ಕಟ್ಟಿಸಿಕೊಳ್ಳಲು ಬ್ಯಾಂಕಿನವರಿಗೆ ಬರೆದುಕೊಟ್ಟೆ. ಅಪ್ಪನಿಗೆ ಅವರ ಹೆಸರಿನ ಖಾತೆಗೇ ತಿಂಗಳ ಖರ್ಚು ಹೋಗುತ್ತದೆ. ಅವರ ಪಾಸ್‌ಬುಕ್ ಕೂಡ ಹಳೆಯದೇ ಇತ್ತು! ಶಾಖೆಗೆ ಹೋಗಿ ಹೊಸದು ತಂದರು, ಕೋಡನ್ನು ಫೋನಿನಲ್ಲಿ ಎರಡು ಸಲ ಓದಿಸಿದೆ.

ಸಂಬಳದ ದಿನ ಭಟ್ಕಳದವರು ಹೇಳಿದ ಪ್ರಶ್ನೆಯನ್ನೇ ಮೂರು ಕಡೆ ಕೇಳಿದೆ. 3,000 ಕೊಟ್ಟರೆ ಎಷ್ಟು ಬೀಳುತ್ತದೆ? ಬ್ಯಾಂಕ್ ಆ್ಯಪ್ 24.22, ಫೀ ಇಲ್ಲ: 72,660. ಮೊದಲ ಎಕ್ಸ್‌ಚೇಂಜ್ 24.47, ಫೀ ವ್ಯಾಟ್ ಸೇರಿ 15.75: 73,024. ಎರಡನೆಯದ್ದು 24.51, ಫೀ 21: 73,015. ಬೋರ್ಡಿನ ಮೇಲೆ ದರ ಚೆಂದ ಇದ್ದದ್ದು ಎರಡನೆಯದ್ದರಲ್ಲಿ, ಆದರೆ 9 ರೂಪಾಯಿ ಹೆಚ್ಚು ಕೊಟ್ಟದ್ದು ಮೊದಲನೆಯದು. ರಾತ್ರಿ ಕೂತು 6,000ಕ್ಕೂ ಲೆಕ್ಕ ಹಾಕಿ ನೋಡಿದೆ. ಆಗ ಎರಡನೆಯದ್ದೇ 110 ರೂಪಾಯಿ ಮುಂದೆ. ಹಾಗಾಗಿ ಬೋನಸ್ ಬಂದ ತಿಂಗಳು ಮತ್ತೆ ಮೊದಲಿಂದ ಕೇಳಬೇಕು.

ಆ್ಯಪ್‌ಗಿಂತ 364 ರೂಪಾಯಿ ಉಳಿಯಿತು. ಅಪ್ಪನ ಬಿಪಿ ಮಾತ್ರೆಗೆ ತಿಂಗಳಿಗೆ 340 ಆಗುತ್ತದೆ. ಫೋನಿನಲ್ಲಿ ಹೇಳಿದೆ, ಅವರು ನಕ್ಕು, ‘ಹಾಗಾದರೆ ಮುಂದಿನ ತಿಂಗಳೂ ನಡೆದೇ ಹೋಗು’ ಅಂದರು. ರೂಮ್‌ಮೇಟ್ ಈಗಲೇ ಹೇಳಿದ್ದಾನೆ, ಬಿಸಿಲು ಇಳಿದ ಮೇಲೆ ಹೋಗುವ, ಏಳು ಗಂಟೆಗೆ.